ಆರು ಮಂದಿ ಬೇಕಾಗಿದ್ದಾರೆ

“ಆ ಆರು ಮಂದಿ ಎಲ್ಲಿದ್ದಾರೆ?”

ಟೀವಿಯೊಳಗಿಂದ ಸುದ್ದಿ ಚಾನೆಲ್ಲಿನ ಮನೀಶ್ ಕೇಳಿದ. ಹಿಂದಿಯಲ್ಲಿ ಕೇಳಿದ. ಯಾರನ್ನು ಕೇಳಿದನೋ ಗೊತ್ತಿಲ್ಲ. ಅವನ ಎದುರಿಗೆ ಒಂದು ಮೇಜು ಬಿಟ್ಟರೆ ಯಾರೂ ಇರಲಿಲ್ಲ. ಮೇಜು ಉತ್ತರ ಕೊಡಲಿಲ್ಲ. ಅದನ್ನು ಗುದ್ದಿ ಮತ್ತೆ ಕೇಳಿದ. ಅವನ ಬೆನ್ನ ಹಿಂದೆ ಆರು ಕರಿ ನೆರಳುಗಳು ಸಾಲಾಗಿ ನಿಂತಿದ್ದವು. ಒಂದೊಂದು ನೆರಳಿನ ಮುಖದಲ್ಲೂ ಒಂದೊಂದು ಪ್ರಶ್ನೆ ಚಿಹ್ನೆ.

ನನಗೆ ಆ ಆರು ಮಂದಿ ಗೊತ್ತು. ಚಡ್ಡಿ ಹಾಕುವುದಕ್ಕಿಂತ ಮೊದಲಿನಿಂದ ಗೊತ್ತು. ನನ್ನ ಅಕ್ಕ ರಾಚವ್ವನಿಗೂ ಗೊತ್ತು. ಆ ಹೊತ್ತಿನಲ್ಲಿ ಅಕ್ಕ ಪೊಲೀಸ್ ಠಾಣೆಯಲ್ಲಿ ನಿಂತಿದ್ದಳು. ಕುಳಿತರೆ ಬೈಯುತ್ತಿದ್ದರು, ಗೋಡೆಗೆ ಒರಗಿದರೆ ಗೋಡೆ ಹೊಲಸಾಗುತ್ತದೆ ಎನ್ನುತ್ತಿದ್ದರು. ಪೊಲೀಸ್ ಠಾಣೆಯ ಗೋಡೆ.

ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ಸಿದ್ದರಾಮಪ್ಪ. ವಿಜಯಪುರದ ಕಡೆಯವರು ನಾವು, ಆಂಟಾಪ್ ಹಿಲ್ಲಿಗೆ ಬಂದು ಮೂವತ್ತು ವರ್ಷವಾಯಿತು. ನಾನು ಕಂತ್ರಾಟುದಾರನ ಕೈಕೆಳಗೆ ರಸ್ತೆ ಗುಡಿಸುತ್ತೇನೆ. ಅಕ್ಕ ಪರೇಲಿನ ಒಂದು ಮೂವತ್ತೆಂಟು ಮಹಡಿಯ ಬಿಲ್ಡಿಂಗಿನಲ್ಲಿ ನಾಲ್ಕು ಮನೆಗಳ ನೆಲದ ಲಾದಿ ಒರೆಸುತ್ತಾಳೆ. ಅವಳ ಮೊಣಕಾಲು ನೋಡಿದರೆ ಒಂಟೆಯದು ಅನ್ನಬೇಕು. ಆ ಬಿಲ್ಡಿಂಗಿನಲ್ಲಿ ಕಸದ ಡಬ್ಬಿಗೂ ಅಕ್ಕನಿಗೂ ಒಂದೇ ಲಿಫ್ಟು. ನಾಯಿಗಳು ಮಾಲಕರ ಲಿಫ್ಟಿನಲ್ಲಿ ಹೋಗುತ್ತವೆ. ಸಂಜೆ ಹೊರಬೀಳುವಾಗ ಗೇಟಿನಲ್ಲಿ ಚೀಲ ಬರಿದು ಮಾಡಿ ತೋರಿಸಬೇಕು. ಆಮೇಲೆ ಸೆರಗು ಝಾಡಿಸಿ ತೋರಿಸಬೇಕು. ಒಂದಲ್ಲ ಒಂದು ಗೇಟಿನಲ್ಲಿ ಮೂವತ್ತು ವರ್ಷ ಝಾಡಿಸಿದ್ದಾಳೆ. ಒಂದು ಕಡ್ಡಿಪೆಟ್ಟಿಗೆಯೂ ಬಿದ್ದಿಲ್ಲ.

ಅಕ್ಕನಿಗೆ ಓದು ಬರುವುದಿಲ್ಲ. ತತ್ವಪದ ಬರುತ್ತವೆ. ಊರ ಮಠದ ಅಂಗಳದ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತು ನಾವಿಬ್ಬರೂ ಕೇಳಿ ಕಲಿತದ್ದು. ಅದಕ್ಕಿಂತ ಒಳಗೆ ನಮ್ಮ ಕೇರಿಯವರನ್ನು ಬಿಡುತ್ತಿರಲಿಲ್ಲ. ಒಳಗಿನವರಿಗೆ ಜಮಖಾನೆ ಇತ್ತು, ಎರಡನೇ ನುಡಿಗೇ ಗೊರಕೆ. ನಮಗೆ ಕಲ್ಲು ಚುಚ್ಚುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಹಾಗಾಗಿ ನಮಗೆ ಪದಗಳು ಕೊನೆಯವರೆಗೂ ಬರುತ್ತವೆ.

ನಮ್ಮ ಗಲ್ಲಿಯ ಬಾಯಿಗೆ, ನಳದ ಪಕ್ಕ, ಭಜನಾ ಮಂಡಳಿಯ ಒಂದು ಕರಿಹಲಗೆ ಇದೆ. ಅದರ ಮೇಲೆ ದಿನಕ್ಕೊಂದು ಪದ ಬರೆಯುವುದು ನನ್ನ ಕೆಲಸ. ಅಕ್ಕ ಲಾದಿ ಒರೆಸುತ್ತ ಯಾವುದಾದರೊಂದು ಪದ ನೆನಪು ಮಾಡಿಕೊಳ್ಳುತ್ತಾಳೆ, ಫೋನಿನಲ್ಲಿ ಹೇಳಿ ನನಗೆ ಕಳಿಸುತ್ತಾಳೆ. ಸಂಜೆ ನಾನು ಅದನ್ನು ಸುಣ್ಣದ ಕಡ್ಡಿಯಲ್ಲಿ ಬರೆಯುತ್ತೇನೆ. ನೀರಿಗೆ ನಿಂತವರು ಓದುತ್ತಾರೆ. ಇದಕ್ಕಾಗಿ ಗಲ್ಲಿಯ ಮಂದಿ ನನ್ನನ್ನು ಚೇಷ್ಟೆಗೆ ಗುರುಗಳೇ ಅನ್ನುತ್ತಾರೆ.

ಆ ಗುರುವಾರ ಅಕ್ಕ ಕಳಿಸಿದ್ದು ಇದು. ನಮ್ಮ ಅಜ್ಜಿ ಹೇಳುತ್ತಿದ್ದ ಪದ.

ಆರು ಮಂದಿ ಕಳ್ಳರು ಮನಿ ಹೊಕ್ಕಾರವ್ವ
ಊರಿಗೆ ತಿಳಿಲಾರ್ದಂಗ ಒಳಗ ಕುಂತಾರವ್ವ

ಮಾಲಕ ಮಲಗಿದ್ದ, ಕೀಲಿ ನನ್ನ ಕೈಯಾಗ
ಗುರು ಹೇಳಿದಂಗ ಬಾಗಿಲ ತಗದೆ ನಾ ಆಗ

ಬಾಗಿಲ ತಗದರ ಬೆಳಕ ಬಂತವ್ವ ಮನಿತುಂಬ
ಆರೂ ಮಂದಿ ಓಡ್ಯಾರ ಬಿಟ್ಟ ತಮ್ಮ ಜಂಬ

ಮನೆ ಅಂದರೆ ಈ ಮೈ. ಮಲಗಿದ ಮಾಲಕ ಅಂದರೆ ಜೀವ. ಕೀಲಿ ಅಂದರೆ ದೇವರ ನಾಮ. ಆರು ಮಂದಿ ಯಾರು ಅನ್ನುವುದನ್ನು ನಮ್ಮ ಗಲ್ಲಿಯಲ್ಲಿ ಹಲ್ಲಿಲ್ಲದ ಮುದುಕಿಯನ್ನು ಕೇಳಿ, ಬೆರಳು ಮಡಚಿ ಹೇಳುತ್ತಾಳೆ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ.

ಅದೇ ಗುರುವಾರ ಅಕ್ಕ ಕೆಲಸ ಮಾಡುವ ಇಪ್ಪತ್ತೊಂಬತ್ತನೇ ಮಹಡಿಯ ಮನೆಯಲ್ಲಿ ಮನೆಯೊಡತಿ ಬಾಯಿಯವರ ವಜ್ರದ ಹಾರ ಕಾಣೆಯಾಯಿತು. ಸಂಜೆ ಪೊಲೀಸರು ಅಕ್ಕನನ್ನು ಗೇಟಿನಲ್ಲೇ ಹಿಡಿದರು. ಮೊದಲು ಅವಳನ್ನು, ಆಮೇಲೆ ಅವಳ ಫೋನನ್ನು. ಮರುದಿನ ಕೋರ್ಟು ಐದು ದಿನ ಅವರ ಕಸ್ಟಡಿಗೆ ಕೊಟ್ಟಿತು. ಶನಿವಾರ ಅಜ್ಜಿಯ ಪದ ಟೀವಿಯಲ್ಲಿ ಬಂತು. ಠಾಣೆಯಲ್ಲಿದ್ದ ಫೋನಿನಿಂದ ಚಾನೆಲ್ಲಿಗೆ ಹೇಗೆ ಹೋಯಿತು ಎಂದು ಯಾರೂ ಹೇಳಲಿಲ್ಲ. ಪದಕ್ಕೆ ಕಾಲಿಲ್ಲ. ಯಾರೋ ಹೊತ್ತುಕೊಂಡೇ ಹೋಗಿರಬೇಕು.

ಎರಡು ನುಡಿ ಕೇಳಿಸಿದರು. ಮೂರನೆಯದನ್ನು ಕತ್ತರಿಸಿದ್ದರು. ಮೂರನೇ ನುಡಿಯಲ್ಲಿ ಬೆಳಕು ಬರುತ್ತದೆ. ಬೆಳಕು ಬಂದರೆ ಕಾರ್ಯಕ್ರಮ ಮುಗಿಯುತ್ತದೆ.

ಕೆಳಗೆ ಹಿಂದಿಯಲ್ಲಿ ದಪ್ಪ ಅಕ್ಷರ: ಮಾಲಕ ಮಲಗಿದ್ದ, ಕೀಲಿ ನನ್ನ ಕೈಯಲ್ಲಿತ್ತು. ಮನೀಶ್ ಇದನ್ನು ತಪ್ಪೊಪ್ಪಿಗೆ ಅಂದ. “ಗುರು” ಅನ್ನುವುದರ ಸುತ್ತ ಕೆಂಪು ಗೆರೆ ಎಳೆದ. ನಿವೃತ್ತ ಅಧಿಕಾರಿಯೊಬ್ಬರು ಈ ಗುರು ದಕ್ಷಿಣದ ಟೋಳಿಯೊಂದರ ಮುಖಂಡನೇ ಇರಬೇಕು ಅಂದರು. ಮನಸ್ಸಿನ ಡಾಕ್ಟರರೊಬ್ಬರು ಅಕ್ಕನ ದನಿ ಎರಡು ಸಲ ಕೇಳಿ, ಇಷ್ಟು ತಣ್ಣಗೆ, ಅದೂ ರಾಗ ಹಚ್ಚಿ ತಪ್ಪೊಪ್ಪಿಕೊಳ್ಳುವವಳು ಪಳಗಿದ ಕೈ ಅಂದರು. ಹಿಂದೆ ಢಂ ಢಂ ಎಂದು ವಾದ್ಯ ಬೇರೆ ಕೂಡಿಸಿದ್ದರು. ತಾಳ ಪೂರ್ತಿ ತಪ್ಪಿತ್ತು. ಅಕ್ಕ ಕೇಳಿದ್ದರೆ ಕಳುವಿನ ಆರೋಪಕ್ಕಿಂತ ಅದಕ್ಕೇ ಹೆಚ್ಚು ನೊಂದುಕೊಳ್ಳುತ್ತಿದ್ದಳು.

ನಾನು ನಕ್ಕೆ. ಸುಳ್ಳು ಹೇಳುವುದಿಲ್ಲ, ಆ ರಾತ್ರಿಯ ಊಟಕ್ಕೆ ಮೊದಲು ಇಡೀ ಗಲ್ಲಿ ನಕ್ಕಿತು. ಸೋಮವಾರ ನಗು ನಿಂತಿತು.

ಪಕ್ಕದ ಮನೆಯ ಸೇವಂತಿ ಅದೇ ಬಿಲ್ಡಿಂಗಿನಲ್ಲಿ ಪಾತ್ರೆ ತಿಕ್ಕುತ್ತಾಳೆ. ಅವಳನ್ನು ಗೇಟಿನಲ್ಲಿ ನಿಲ್ಲಿಸಿ ಲಿಫ್ಟಿನಲ್ಲಿ ಕನ್ನಡ ಆಡಬಾರದು ಅಂದರು. ಹಾಡಂತೂ ಕೂಡದೇ ಕೂಡದು. ಬೇರೆ ಮೂವರು ಹೆಂಗಸರಿಗೆ ನಾಳೆಯಿಂದ ಬರಬೇಡಿ ಅಂದರು. ಅವರಲ್ಲೊಬ್ಬಳು ತೆಲುಗಿನವಳು. ಅವಳು ತಾನು ಕನ್ನಡದವಳಲ್ಲ ಎಂದು ತೆಲುಗಿನಲ್ಲಿ ಅತ್ತಳು. ಗೇಟಿನವನಿಗೆ ಅದೂ ಪದದಂತೆಯೇ ಕೇಳಿಸಿತು. ನನ್ನ ಕಂತ್ರಾಟುದಾರ, ಈ ಗದ್ದಲ ಮುಗಿಯುವವರೆಗೆ ಕಸಬರಿಗೆ ಮುಟ್ಟಬೇಡ ಎಂದ.

ಸೇವಂತಿ ನೀರಿನ ಕೊಡ ಇಳಿಸಿ ನನ್ನ ಮುಖ ನೋಡಿದಳು. “ಮಾವಾ, ಇನ್ನ ನಿಮಗ ಗುರುಗಳ ಅನ್ನಾಕ ಆಗಂಗಿಲ್ಲ. ನಾಳಿಂದ ಸಿದ್ಯಾ ಅಂತೀವಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ನಾನು ಠಾಣೆಗೆ ಹೋದೆ. ಬೆಂಚಿನ ಮೇಲಲ್ಲ, ಬೆಂಚಿನ ಪಕ್ಕದ ನೆಲದಲ್ಲಿ ಮೂರು ತಾಸು ಕುಳಿತೆ. ಹವಾಲ್ದಾರ ಏನು ಬಂದಿ ಎಂದು ಕೇಳಿದ. ಆ ಆರು ಮಂದಿಯ ಹೆಸರು ಹೇಳಲು ಬಂದಿದ್ದೇನೆ ಅಂದೆ. ಅವನು ಎದ್ದೇ ನಿಂತ. ಚಹಾ ತರಿಸಿದ. ಕಾಗದ ತೆಗೆದು ಬರೆದುಕೊಂಡ. ಕಾಮ್, ಕ್ರೋಧ್, ಲೋಭ್, ಮೋಹ್. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಆದರೂ ಅಭ್ಯಾಸ ಬಲ, ಇವರ ವಿಳಾಸ ಏನು ಎಂದು ಕೇಳಿದ. ಎಲ್ಲರ ಮನೆಯಲ್ಲೂ ಇರುತ್ತಾರೆ ಸಾಹೇಬ, ನಿಮ್ಮಲ್ಲೂ ಇರಬಹುದು ಅಂದೆ. ಚಹಾ ವಾಪಸು ಹೋಯಿತು.

ಒಳಗಿನ ಸಣ್ಣ ಸಾಹೇಬ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಕರೆದು ಬಾಗಿಲು ಅರ್ಧ ಮುಚ್ಚಿದ. ಅವನ ಅಂಗಿಯ ಕಾಲರಿನ ಒಳಗೆ ತುಳಸಿ ಮಾಲೆ ಇತ್ತು. ನಾನು ಮೂರನೇ ನುಡಿ ಹೇಳಿದೆ. ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿದ. ತನ್ನ ತಾಯಿಯೂ ಹೀಗೇ ಹೇಳುತ್ತಾಳೆ, ಮರಾಠಿಯಲ್ಲಿ, ಬೀಸುವಾಗ, ಅಂದ. ಅವನಿಗೆ ಮೊದಲ ದಿನವೇ ಅರ್ಥವಾಗಿತ್ತು. ನನಗೆ ಎದೆ ಹಗುರಾಯಿತು. ಹಾಗಾದರೆ ಅಕ್ಕನನ್ನು ಬಿಡಿ ಅಂದೆ.

ಅವನು ಕಣ್ಣು ತೆರೆದ. “ಟೀವಿಯಲ್ಲಿ ಬರುವವರೆಗೆ ಅದು ಅಭಂಗ ಇತ್ತು. ಟೀವಿಯಲ್ಲಿ ಬಂದ ಮೇಲೆ ಸಾಕ್ಷಿ, ಸಬೂತು.”

ಮೇಲಿನವರು ದಿನಾ ಸಂಜೆ ಫೋನು ಮಾಡಿ ಆರು ಮಂದಿ ಸಿಕ್ಕರೋ ಎಂದು ಕೇಳುತ್ತಾರಂತೆ. ಯಾವ ಆರು ಮಂದಿ ಎಂದು ಕೇಳುವ ಧೈರ್ಯ ಠಾಣೆಯಲ್ಲಿ ಯಾರಿಗೂ ಇಲ್ಲ. ಎರಡು ತಂಡ ಮಾಡಿ ಹುಡುಕಲು ಕಳಿಸಿದ್ದಾರೆ. ಒಂದು ತಂಡ ಕಲಬುರಗಿ ದಾಟಿದೆ.

ಅಕ್ಕನನ್ನು ಎರಡು ನಿಮಿಷ ತೋರಿಸಿದ. ಅವಳ ಪಾದ ಬಾತುಕೊಂಡು ಕಾಲುಂಗುರ ಮಾಂಸದಲ್ಲಿ ಹೂತಿತ್ತು. ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೊರಗೆ ಹೋಗಲು ಕೇಳಬೇಕು, ಕೇಳಿದರೆ ನಗುತ್ತಾರೆ. ಆರು ಮಂದಿಯ ಫೋಟೋ ಗುರುತಿಸು ಎಂದು ಯಾರು ಯಾರದೋ ಫೋಟೋ ತೋರಿಸುತ್ತಾರಂತೆ. ಅದರಲ್ಲೊಬ್ಬ ನಮ್ಮೂರ ಹಾಲಿನವನ ಹಾಗಿದ್ದ ಎಂದಳು. ನಾನು ಕೀಲಿಯ ಬಗ್ಗೆ ಕೇಳಿದೆ. ಆ ಮನೆಗೆ ನಾಲ್ಕು ಕೀಲಿ. ಮಾಲಕನದು, ಬಾಯಿಯದು, ಮಗನದು, ಬಾಯಿಯ ತಮ್ಮನದು. ಅಕ್ಕ ಬೆಲ್ಲು ಒತ್ತಿ, ಒಳಗಿನವರು ತೆಗೆದ ಮೇಲೆ ಹೋಗುವವಳು. ಅವಳ ಕೈಯಲ್ಲಿ ಕೀಲಿ ಇದ್ದದ್ದು ಪದದೊಳಗೆ ಮಾತ್ರ. ಬಾಯಿಯ ತಮ್ಮ ಆ ದಿನ ಮಧ್ಯಾಹ್ನ ಬಂದು ಹೋಗಿದ್ದ. ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಾನು ಎರಡು ಸುಣ್ಣದ ಕಡ್ಡಿ ಕೊಂಡೆ.

ಹಲಗೆಯ ಮೇಲೆ ಮೂರೂ ನುಡಿ ಬರೆದೆ. ಕೆಳಗೆ ಜಾಗವಿತ್ತು. ಬರೆದೆ.

ಪೊಲೀಸರಿಗೆ ಬೇಕಾದ ಆರು ಮಂದಿ. ಕಂಡವರು ತಿಳಿಸಿ.
ಒಂದು, ಕಾಮ. ವಯಸ್ಸು ಗೊತ್ತಿಲ್ಲ. ಅಜ್ಜನ ವೇಷದಲ್ಲೂ ಇರುತ್ತಾನೆ.
ಎರಡು, ಕ್ರೋಧ. ಸಂಜೆ ಏಳಕ್ಕೆ ಟೀವಿಯಲ್ಲಿ ಮೇಜು ಗುದ್ದುವಾಗ ಕಂಡಿದ್ದಾರೆ.
ಮೂರು, ಲೋಭ. ಇಪ್ಪತ್ತೊಂಬತ್ತನೇ ಮಹಡಿ. ಮಾಲಕರ ಲಿಫ್ಟಿನಲ್ಲಿ ಓಡಾಡುತ್ತಾನೆ.
ನಾಲ್ಕು, ಮೋಹ. ಹಾರ ಇದ್ದಲ್ಲಿ ಇರುತ್ತಾನೆ. ಹಾರ ಸಿಕ್ಕರೆ ಇವನೂ ಸಿಗುತ್ತಾನೆ.
ಐದು, ಮದ. ಖಾಕಿಯಲ್ಲಿರಬಹುದು, ಕೋಟಿನಲ್ಲಿರಬಹುದು.
ಆರು, ಮತ್ಸರ. ಪಕ್ಕದ ಚಾನೆಲ್ಲು.
ತನಿಖೆಗೆ ಒಂದು ಪ್ರಶ್ನೆ. ಕೀಲಿ ಇದ್ದವರು ನಾಲ್ವರು. ಕೀಲಿ ಇಲ್ಲದವಳನ್ನು ಹಿಡಿದದ್ದು ಯಾಕೆ?

ನೀರಿಗೆ ನಿಂತವರು ಓದಿದರು. ಒಬ್ಬಳು ನಕ್ಕು ಕೊಡ ಬೀಳಿಸಿದಳು.

ಮಂಗಳವಾರ ಒಂದು ಹುಡುಗಿ ಗಲ್ಲಿ ಹುಡುಕಿಕೊಂಡು ಬಂದಳು. ಯಕ್ಷಿತಾ ಅಂತ. ಗ್ರಾಂಟ್ ರೋಡಿನಲ್ಲಿ ಅವರಪ್ಪನ ಹೋಟೆಲು, ಮನೆಯಲ್ಲಿ ತುಳು. ಚಾನೆಲ್ಲಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಅಲ್ಲಿ ಕನ್ನಡ ಅರ್ಥವಾಗುವವಳು ಇವಳೊಬ್ಬಳೇ. ಪದವನ್ನು ಹಿಂದಿಗೆ ಇಳಿಸಿದ್ದು ಇವಳು. ಹಲಗೆಯ ಮುಂದೆ ಬಹಳ ಹೊತ್ತು ನಿಂತಳು, ತುಟಿ ಅಲುಗಿಸುತ್ತ ಅಕ್ಷರ ಕೂಡಿಸಿ ಓದಿದಳು.

“ಅಂಕಲ್, ನಾನು ವರ್ಡ್ ಟು ವರ್ಡ್ ಮಾಡಿದ್ದು. ಒಂದೂ ಮಿಸ್ಟೇಕ್ ಇಲ್ಲ ಮಾರ್ರೆ,” ಅಂದಳು. ಅಳುವ ಹಾಗಿದ್ದಳು.

“ಶಬ್ದ ಎಲ್ಲಾ ಬರೋಬ್ಬರಿ ಅದಾವವ್ವಾ. ಅರ್ಥ ಅಷ್ಟ ಕಳುವಾಗ್ಯದ.”

ತಾನು ಮೂರೂ ನುಡಿ ಬರೆದು ಕೊಟ್ಟಿದ್ದಾಗಿಯೂ, ಮೂರನೆಯದನ್ನು ಚಾನೆಲ್ಲಿನ ಮೇಲಿನವರು ತೆಗೆದರೆಂದೂ ಹೇಳಿದಳು. ಸೇವಂತಿ ಅವಳಿಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟು, ನಿಮ್ಮ ಚಾನೆಲ್ಲಿನವರು ಊಟವನ್ನೂ ಮೂರರಲ್ಲಿ ಎರಡು ತುತ್ತು ಉಂಡು ಏಳುತ್ತಾರೋ ಎಂದು ಕೇಳಿದಳು. ಹುಡುಗಿ ಪೂರ್ತಿ ಉಂಡಳು. ಹೋಗುವಾಗ ಹಲಗೆಯ ಫೋಟೋ ತೆಗೆದಳು. ಅದರ ಕೆಳಗೆ ಹಿಂದಿಯಲ್ಲಿ, ಮರಾಠಿಯಲ್ಲಿ ಅರ್ಥ ಬರೆದು ಫೋನಿನಲ್ಲಿ ಬಿಟ್ಟಳು. ಈ ಸಲ ಶಬ್ದಕ್ಕೆ ಶಬ್ದ ಇಡಲಿಲ್ಲ.

ಬುಧವಾರ ಬೆಳಗಿನ ಲೋಕಲ್ಲಿನಲ್ಲಿ ಮಂದಿ ಅದನ್ನೇ ಓದಿ ನಗುತ್ತಿದ್ದರಂತೆ. ಯಾರೋ ಠಾಣೆಗೆ ಫೋನು ಮಾಡಿ, ಲೋಭ ನಮ್ಮ ಸೊಸೈಟಿಯ ಚೇರ್ಮನ್ ಆಗಿದ್ದಾನೆ, ಬಂದು ಒಯ್ಯಿರಿ ಅಂದರಂತೆ. ಇನ್ನೊಬ್ಬ ಚಾನೆಲ್ಲಿಗೇ ಫೋನು ಮಾಡಿ ಎರಡನೆಯವನು ನಿಮ್ಮಲ್ಲೇ ಇದ್ದಾನಲ್ಲ ಎಂದನಂತೆ. ಎಲ್ಲ ಸರಿ. ಆದರೆ ಕೆಲವರು ನಾಲ್ಕು ಕೀಲಿಯ ಬಗ್ಗೆಯೂ ಕೇಳತೊಡಗಿದ್ದರು.

ಅದು ಕಸ್ಟಡಿಯ ಕೊನೆಯ ದಿನ. ಮಧ್ಯಾಹ್ನ ಅಕ್ಕನನ್ನು ಮನೆ ಶೋಧಿಸುವ ಝಡತಿಗೆ ಕರೆತಂದರು. ಜೀಪಿಗಿಂತ ಮೊದಲು ಕ್ಯಾಮೆರಾ ಬಂದಿತ್ತು. ವರದಿಗಾರ್ತಿ ಸೋನಾಲಿ ನಳದ ಕಟ್ಟೆಯ ಮೇಲೆ ನಿಂತು ಮಾತಾಡುತ್ತಿದ್ದಳು, ಯಕ್ಷಿತಾ ಅವಳ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ನಮ್ಮ ಹತ್ತು ಅಡಿಯ ಖೋಲಿಯಲ್ಲಿ ನಾಲ್ವರು ಪೊಲೀಸರು ಹೊಕ್ಕರೆ ಹುಡುಕಲು ಜಾಗ ಉಳಿಯುವುದಿಲ್ಲ. ಇಬ್ಬರು ಹೊರಗೆ ಬಂದರು. ಅಕ್ಕಿಯ ಡಬ್ಬಿಯಲ್ಲಿ ಕೈಯಾಡಿಸಿದರು. ಗಾದಿ ಹರಿದರು. ದೇವರ ಹಲಗೆಯಿಂದ ವಿಭೂತಿ ಗಟ್ಟಿ ಎತ್ತಿ ಮೂಸಿದರು. ದಮ್ಮಡಿಯ ಚರ್ಮವನ್ನು ಬೆರಳಿನಿಂದ ಬಡಿದು ನೋಡಿದರು, ಒಳಗೆ ಏನಾದರೂ ಇದೆಯೋ ಎಂದು. ನಾದ ಇತ್ತು. ಅದನ್ನು ಬರೆದುಕೊಳ್ಳಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತು ಚೆಲ್ಲಿದ ಅಕ್ಕಿ ನೋಡುತ್ತಿದ್ದಳು. ಅಕ್ಕಪಕ್ಕದ ಮಂದಿ ಅವಳ ಕಾಲು ನೋಡುತ್ತಿದ್ದರು.

ಆ ದಿನ ಸಣ್ಣ ಸಾಹೇಬನ ಜೊತೆ ಒಬ್ಬ ದೊಡ್ಡ ಸಾಹೇಬನೂ ಬಂದಿದ್ದ. ಹಾರ ಸಿಗಲಿಲ್ಲ ಎಂದು ತಿಳಿದಾಗ ಅವನು ನೇರ ಹಲಗೆಯ ಹತ್ತಿರ ಬಂದ. ಅವನು ಬಂದದ್ದೇ ಅದಕ್ಕೆ. ಸಣ್ಣ ಸಾಹೇಬ ತುಳಸಿ ಮಾಲೆಯನ್ನು ಅಂಗಿಯೊಳಗೆ ಇನ್ನಷ್ಟು ಕೆಳಗೆ ಇಳಿಸಿಕೊಂಡು ದೂರ ನಿಂತ.

ಇದನ್ನು ಬರೆದವರು ಯಾರು ಎಂದು ದೊಡ್ಡ ಸಾಹೇಬ ಕೇಳಿದ. ನಾನೇ ಅಂದೆ. ನಡೆಯುತ್ತಿರುವ ತನಿಖೆಯ ಮೇಲೆ ಹೀಗೆಲ್ಲ ಟೀಕೆ ಬರೆಯುವುದು ಗುನ್ಹೆ, ತನಿಖೆಗೆ ಅಡ್ಡಿ, ಮಂದಿಯ ತಲೆ ಕೆಡುತ್ತದೆ, ನಾಳೆ ಕೋರ್ಟಿನ ತಲೆಯೂ ಕೆಡಬಹುದು ಎಂದು ದೊಡ್ಡ ಸಾಹೇಬ ತಿಳಿಸಿ ಹೇಳಿದ. ನಾನು ತಲೆದೂಗಿದೆ. ಮಾತು ಸರಿಯಾಗೇ ಇತ್ತು. ಇದೇ ಮಾತನ್ನು ಶನಿವಾರ ಸಂಜೆ ಟೀವಿಯವರಿಗೆ ಹೇಳಿದ್ದರೆ ಇನ್ನೂ ಸರಿಯಾಗಿರುತ್ತಿತ್ತು. ಹಾಗೆಂದೇ ಕೇಳಿದೆ. ಮೆಲ್ಲಗೆ ಕೇಳಿದೆ, ನನ್ನ ದನಿಯೇ ಅಷ್ಟು.

“ಅದು ಪ್ರೆಸ್,” ಅಂದ ದೊಡ್ಡ ಸಾಹೇಬ. “ಪ್ರೆಸ್ಸಿಗೆ ಸ್ವಾತಂತ್ರ್ಯ ಇದೆ. ನಿನ್ನದು ಬರೀ ಹಲಗೆ.”

ಸೋನಾಲಿ ತಲೆದೂಗಿದಳು. ಅವಳ ಮೈಕಿನ ಮೇಲೆ ಚಾನೆಲ್ಲಿನ ಹೆಸರು ಇತ್ತು. ನನ್ನ ಸುಣ್ಣದ ಕಡ್ಡಿಯ ಮೇಲೆ ಏನೂ ಇರಲಿಲ್ಲ.

ಆಮೇಲೆ ಅವನು ನನ್ನನ್ನು ಒಂದು ಹೆಜ್ಜೆ ಪಕ್ಕಕ್ಕೆ ಕರೆದು ಒಳ್ಳೆಯ ಮಾತಿನಲ್ಲಿ ಹೇಳಿದ. ನಿನ್ನ ಕೈಯಾರೆ ಇದನ್ನು ಒರೆಸು. ಕ್ಯಾಮೆರಾದ ಮುಂದೆ, ತಿಳಿಯದೆ ಬರೆದೆ, ತಪ್ಪಾಯಿತು ಅನ್ನು. ನಾಳೆ ಕೋರ್ಟಿನಲ್ಲಿ ನಾವು ಮತ್ತೆ ಕಸ್ಟಡಿ ಕೇಳುವುದಿಲ್ಲ, ಜಾಮೀನಿಗೆ ಅಡ್ಡ ಬರುವುದಿಲ್ಲ, ನಿನ್ನಕ್ಕ ಸಂಜೆಗೆ ಮನೆಗೆ. ಒರೆಸದಿದ್ದರೆ ಇನ್ನೂ ದಿನ ಕೇಳುತ್ತೇವೆ. ಗುರು ಯಾರು ಎಂದೂ ನಮಗೆ ಗೊತ್ತಾಗಿದೆ, ಗಲ್ಲಿಯವರೇ ನಿನ್ನನ್ನು ಹಾಗೆ ಕರೆಯುತ್ತಾರಂತಲ್ಲ.

ಯಾರೋ ನಳದ ಕೆಳಗಿನ ಬಕೀಟು ತಂದಿಟ್ಟರು, ಅದರಲ್ಲೊಂದು ಅರಿವೆ. ನಾನು ಅಕ್ಕನ ಪಾದ ನೋಡಿದೆ. ಅರಿವೆ ಎತ್ತಿಕೊಂಡೆ. ಒರೆಸುವವನಿದ್ದೆ. ಇದನ್ನೂ ಸುಳ್ಳು ಹೇಳುವುದಿಲ್ಲ. ಪದ ಎಲ್ಲಿ ಹೋಗುತ್ತದೆ, ಬಾಯಲ್ಲಿದೆ, ನಾಳೆ ಬರೆದರಾಯಿತು ಎಂದುಕೊಂಡೆ. ಅರಿವೆ ಹಿಂಡುವುದನ್ನೂ ಮರೆತಿದ್ದೆ. ನೀರು ನನ್ನ ಪಾದದ ಮೇಲೇ ತೊಟ್ಟಿಕ್ಕುತ್ತಿತ್ತು.

ಕ್ಯಾಮೆರಾ ಹಿಡಿದವ ಬೇಗ ಬೇಗ ಎಂದ. ದೊಡ್ಡ ಸಾಹೇಬ ನಕ್ಕ. ಈ ಮುದುಕನಿಂದ ಆಗುವುದಿಲ್ಲ, ಆಕೆಗೇ ಕೊಡಿ, ಒರೆಸುವುದೇ ಆಕೆಯ ಧಂದೆ ಅಲ್ಲವೇ, ಟೀವಿಯಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ ಎಂದ. ಇಬ್ಬರು ಮೂವರು ನಕ್ಕರು. ಮಹಿಳಾ ಪೊಲೀಸೊಬ್ಬಳು ನನ್ನ ಕೈಯಿಂದ ಅರಿವೆ ತೆಗೆದು ಅಕ್ಕನ ಕೈಗೆ ಕೊಟ್ಟಳು. ಒರೆಸಿದರೆ ನಾಳೆ ಮನೆ ಎಂದು ಅವಳಿಗೂ ತಿಳಿಸಿದರು.

ಅಕ್ಕ ಅರಿವೆಯನ್ನು ಹಿಂಡಿದಳು. ಝಾಡಿಸಿದಳು. ನಾಲ್ಕು ಮಡಿಕೆ ಮಾಡಿದಳು. ಮೂವತ್ತು ವರ್ಷದ ಕೈ, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಲಗೆಯ ಮುಂದೆ ಹೋಗಿ ನಿಂತಳು. ಕ್ಯಾಮೆರಾ ಹತ್ತಿರ ಬಂತು. ಅವಳಿಗೆ ಓದು ಬಾರದು. ಅಕ್ಷರಗಳ ಮೇಲೆ ಕಣ್ಣು ಓಡಿಸಿದಳು, ಗುರುತಿನವರು ಯಾರಾದರೂ ಇದ್ದಾರೋ ಎಂದು ಸಂತೆಯಲ್ಲಿ ಹುಡುಕಿದ ಹಾಗೆ.

“ತಮ್ಮಾ, ಮೂರನೇ ನುಡಿ ಬರದೀಯೇನೋ?”

“ಬರದೀನಿ ಯಕ್ಕಾ.”

“ಎಲ್ಲೈತಿ?”

ನಾನು ಬೆರಳಿಟ್ಟು ತೋರಿಸಿದೆ. ಅವಳು ಅಲ್ಲಿಗೆ ಕೈ ತಂದಳು, ಮುಟ್ಟಲಿಲ್ಲ. ಅದರ ಕೆಳಗಿನದು ಏನು ಎಂದು ಕೇಳಿದಳು. ಆರು ಮಂದಿಯ ಹೆಸರು, ಆಮೇಲೆ ನಾಲ್ಕು ಕೀಲಿಯ ಮಾತು ಎಂದೆ. ಓದಿ ಹೇಳೆಂದಳು. ಓದಿದೆ. ಐದನೆಯವನಿಗೆ ಬಂದಾಗ ಅವಳು ದೊಡ್ಡ ಸಾಹೇಬನ ಅಂಗಿ ನೋಡಿದಳು, ಆಮೇಲೆ ಸೋನಾಲಿಯ ಕೋಟು ನೋಡಿದಳು. ತುಟಿಯ ಮೂಲೆ ಸ್ವಲ್ಪ ಅಲುಗಿತು. ಆರು ದಿನದ ನಂತರ ಅಕ್ಕನ ಹಲ್ಲು ಕಂಡಿತು.

ಅವಳು ತಿರುಗಿದಳು. ಮಡಚಿದ ಅರಿವೆಯನ್ನು ಬಕೀಟಿನ ಅಂಚಿಗೆ ಹಾಕಿದಳು. ಏನಂತೆ, ಏನನ್ನುತ್ತಾಳೆ ಎಂದು ದೊಡ್ಡ ಸಾಹೇಬ ಯಕ್ಷಿತಾಳನ್ನು ಕೇಳಿದ. ಯಕ್ಷಿತಾ ಅಕ್ಕನ ಬಾಯಿಯನ್ನೇ ನೋಡುತ್ತ ನಿಂತಳು.

“ಮೂವತ್ತ ವರ್ಷ ನೀವು ಹೇಳಿದ್ದೆಲ್ಲಾ ಒರಸೀನ್ರೀ ಸಾಹೇಬ್ರ,” ಅಂದಳು ಅಕ್ಕ. “ಇದನ್ನ ಒರಸಂಗಿಲ್ಲ.”